ಟ್ರಿಮ್ಮರ್ ಸಾಕಾ, ಪ್ಲಂಜ್ ರೌಟರ್ ಬೇಕಾ?

ಎರಡೂ ಮರದಲ್ಲಿ ಅಂಚು, ತೋಡು ಕೊರೆಯುವ ಕರೆಂಟ್ ಮಷೀನ್‌ಗಳು. ಟ್ರಿಮ್ಮರ್ ಹಗುರ, ಒಂದೇ ಕೈಗೆ ಸಿಗುತ್ತದೆ. ಸಾಮಾನ್ಯವಾಗಿ 6 ಮಿ.ಮೀ. ದಂಡಿನ ಬಿಟ್ (ತಿರುಗುತ್ತಾ ಮರ ಕೊರೆಯುವ ಅಲಗು). ತೋಟದ ಸಿಲ್ವರ್ ಓಕ್ ಹಲಗೆಯ ಅಂಚು ದುಂಡು ಮಾಡಲು ಧಾರಾಳ ಸಾಕು. ತಳ ಚಿಕ್ಕದು, ಅಂಚಿನಲ್ಲಿ ವಾಲುತ್ತದೆ, ಅಷ್ಟೇ ಎಚ್ಚರ.

ಹಲಸು, ಬೀಟೆಯಂಥ ಗಟ್ಟಿ ಮರದಲ್ಲಿ ಆಳದ ಗ್ರೂವ್ (ತೋಡು) ಬೇಕಾದರೆ ಪ್ಲಂಜ್ ರೌಟರೇ ಸರಿ. ಎರಡು ಹಿಡಿ, 12 ಮಿ.ಮೀ. ದಂಡಿನ ಬಿಟ್, ಹಲಗೆಯ ನಡುವೆಯೇ ಮೇಲಿಂದ ಇಳಿಸಬಹುದು. ಭಾರ ಜಾಸ್ತಿ, ಬೆಲೆಯೂ ಜಾಸ್ತಿ. ಒಂದೇ ಸಲಕ್ಕೆ ಆಳ ತೆಗೆಯಬೇಡಿ, 3 ಮಿ.ಮೀ.ಯಂತೆ ಇಳಿಸಿ. ದೊಡ್ಡ ಬಿಟ್‌ಗೆ ವೇಗ ಕಡಿಮೆ ಇಡಿ.

ಯಾವುದೇ ಇರಲಿ, ಪ್ಲಗ್ ಕಿತ್ತೇ ಬಿಟ್ ಬದಲಿಸಿ. ಬಿಟ್ಟನ್ನು ಪೂರ್ತಿ ಒಳಗೆ ತಳ್ಳಿ, 2-3 ಮಿ.ಮೀ. ಹಿಂದೆಳೆದು ಬಿಗಿ ಮಾಡಿ. ಹಲಗೆಯ ಹೊರ ಅಂಚಿನಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸಾಗಿ. ತಪ್ಪಿದರೆ ಮಷೀನ್ ಕೈಯಿಂದ ಓಡುತ್ತದೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಬೀಟೆ ಧೂಳು ಕೆಲವರಿಗೆ ಅಲರ್ಜಿ.

ಕೊಡಗಿನ ಮಳೆಗಾಲದಲ್ಲಿ ಕರೆಂಟ್ ಪದೇ ಪದೇ ಹೋಗುತ್ತದೆ ಅಲ್ವಾ? ಹೋದ ಕೂಡಲೇ ಸ್ವಿಚ್ ಆಫ್ ಮಾಡಿ. ಇಲ್ಲವಾದರೆ ಕರೆಂಟ್ ಬಂದಾಗ ಮೇಜಿನ ಮೇಲೆ ತಾನಾಗಿ ತಿರುಗುತ್ತದೆ. ಅದಾಗಿಯೇ ಶುರುವಾಗದ ಮಾಡೆಲ್ ಸಿಕ್ಕರೆ ಸ್ವಲ್ಪ ದುಡ್ಡು ಹೆಚ್ಚಾದರೂ ಅದನ್ನೇ ತಗೊಳ್ಳಿ.

ಬಾಗಿಲು, ಕಿಟಕಿ ಮಾಡುವ ಯೋಚನೆ ಇಲ್ಲದಿದ್ದರೆ ಸುಮ್ನೆ ಟ್ರಿಮ್ಮರ್ ತಗೊಳ್ಳಿ.