ಕಣ್ಣು ಊದಿದ ಮೀನು ಉಳಿಯಿತು, ಉಳಿದ ಮೂರು ಸತ್ತವು

ದಾವಣಗೆರೆಯಲ್ಲಿ ಮನೆಯೊಳಗೆ ಗಾಜಿನ ತೊಟ್ಟಿ ಇಟ್ಟುಕೊಂಡು ಮೀನು ಸಾಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್ ಫಿಶ್ ಇದ್ದವು. ಒಂದಕ್ಕೆ ಕಣ್ಣು ಊದಿಕೊಂಡಿತು. ಅಂಗಡಿಯವನು ಹೇಳಿದಂತೆ ಔಷಧ ಹಾಕಿದೆ. ಮೂರನೆಯ ದಿನ ಬೆಳಗಾಗುವಷ್ಟರಲ್ಲಿ ಕಣ್ಣು ಚೆನ್ನಾಗಿದ್ದ ಮೂರೂ ಸತ್ತಿದ್ದವು. ಕಣ್ಣು ಊದಿಕೊಂಡಿದ್ದದ್ದು ಮಾತ್ರ ಇವತ್ತಿಗೂ ಬದುಕಿದೆ, ಅದೂ ನನ್ನ ಜಾಣತನದಿಂದಲ್ಲ.

ತಿಂಗಳಿಗೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿ, ಕಲ್ಲು, ಪ್ಲಾಸ್ಟಿಕ್ ಗಿಡ, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಹಿಡಿದು ಪಾತ್ರೆ ತಿಕ್ಕಿದಂತೆ ತಿಕ್ಕಿ ತೊಳೆಯುವುದು ನನ್ನ ಪದ್ಧತಿಯಾಗಿತ್ತು. ಚೊಕ್ಕಟವಾಗಿ ಇಟ್ಟಿದ್ದೇನೆ ಎಂಬ ಹೆಮ್ಮೆ ಬೇರೆ. ಏಪ್ರಿಲ್ ತಿಂಗಳಲ್ಲಿ ಹೀಗೆ ತೊಳೆಯುವ ದಿನ, ದೊಡ್ಡ ಮೀನೊಂದು ಬಲೆಗೆ ಸಿಗದೆ ಓಡಾಡಿ, ಅಲಂಕಾರಕ್ಕೆ ಇಟ್ಟಿದ್ದ ಪ್ಲಾಸ್ಟಿಕ್ ಕೋಟೆಗೆ ಬಡಿದುಕೊಂಡಿತು. ಆಗ ಅದನ್ನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಬಲಗಣ್ಣಿನ ಮೇಲೆ ಹಾಲಿನ ಕೆನೆಯಂಥ ತೆಳುವಾದ ಪದರ. ನಾಲ್ಕನೆಯ ದಿನಕ್ಕೆ ಮೆಣಸಿನ ಕಾಳಿನಷ್ಟಿದ್ದ ಕಣ್ಣು ಕಡಲೆ ಕಾಳಿನಷ್ಟಾಗಿ ಹೊರಗೆ ಬಂದಿತ್ತು. ಮೇಲಿನಿಂದ ನೋಡಿದರೆ ತಲೆಯ ಒಂದು ಕಡೆಗೆ ಮಾತ್ರ ಬುಗುಟು ಎದ್ದ ಹಾಗೆ ಕಾಣುತ್ತಿತ್ತು.

ಅಂಗಡಿಯ ಹೆಸರು ಹೇಳುವುದಿಲ್ಲ. ಮೊಬೈಲಿನಲ್ಲಿ ತೆಗೆದ ಚಿತ್ರ ತೋರಿಸಿದೆ. ಆತ ಅದನ್ನು ದೊಡ್ಡದು ಮಾಡಿಯೂ ನೋಡಲಿಲ್ಲ. "ಫಂಗಸ್ ಸರ್, ಬಿಟ್ಟರೆ ಎಲ್ಲದಕ್ಕೂ ಹರಡುತ್ತದೆ" ಎಂದು, ಚೀಟಿಯೇ ಇಲ್ಲದ ಸಣ್ಣ ಬಾಟಲಿಯಲ್ಲಿ ನೀಲಿ ದ್ರಾವಣ ಕೊಟ್ಟ. ಅದು ಮೀಥಿಲೀನ್ ಬ್ಲೂ ಎಂದು ಆಮೇಲೆ ತಿಳಿಯಿತು. ಜೊತೆಗೆ ಮೆಡಿಕಲ್‌ನಿಂದ ಮನುಷ್ಯರು ನುಂಗುವ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು, ನಾಲ್ಕನ್ನು ಬಿಚ್ಚಿ ನೀರಿಗೆ ಸುರಿಯಲು ಹೇಳಿದ. "ಫಿಲ್ಟರ್ ಬಂದ್ ಮಾಡಿ ಸರ್, ಇಲ್ಲದಿದ್ದರೆ ಔಷಧವನ್ನೆಲ್ಲ ಅದೇ ಹೀರಿಬಿಡುತ್ತದೆ." ಎಷ್ಟು ಹಾಕಬೇಕು ಎಂದು ಕೇಳಿದ್ದಕ್ಕೆ, "ಕಣ್ಣಂದಾಜಿನಲ್ಲಿ ಹಾಕಿ, ನೀರು ನೀಲಿಯಾದರೆ ಸಾಕು." ತೊಟ್ಟಿ ಎಷ್ಟು ಲೀಟರಿನದು ಎಂದು ಆತ ಕೇಳಲಿಲ್ಲ, ಕೇಳಿದ್ದರೆ ಹೇಳಲು ನನಗೂ ಗೊತ್ತಿರಲಿಲ್ಲ. ಮೆಡಿಕಲ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಕೊಡಬಾರದ ಆ್ಯಂಟಿಬಯೋಟಿಕ್ಕನ್ನು ಚೀಟಿ ಕೇಳದೆಯೇ ಕೊಟ್ಟರು.

ಭಾನುವಾರ ಸಂಜೆ ಎಲ್ಲವನ್ನೂ ಹಾಕಿ ಫಿಲ್ಟರ್ ಆರಿಸಿದೆ. ನಮ್ಮ ಮನೆಯಲ್ಲಿ ಬೇರೆ ಏರ್ ಪಂಪ್ ಇರಲಿಲ್ಲ. ನೀರನ್ನು ಅಲುಗಾಡಿಸುತ್ತಿದ್ದುದು ಆ ಫಿಲ್ಟರ್ ಒಂದೇ. ಸೋಮವಾರ ಉಳಿದ ಮೀನುಗಳು ಊದಿದ ಕಣ್ಣನ್ನು ತಿನಿಸೆಂದುಕೊಂಡು ಕುಟುಕುತ್ತಿರುವುದನ್ನು ಮಗಳು ನೋಡಿದಳು. ಅವಳು ಹಟ ಹಿಡಿದಳೆಂದು ಆ ಒಂದು ಮೀನನ್ನು ಬೋರ್‌ವೆಲ್ ನೀರು ತುಂಬಿದ ಬಕೆಟ್ಟಿಗೆ ಬಿಟ್ಟೆ. ಅದು ಬದುಕಿದ್ದು ಈ ಹಟದಿಂದ.

ಮಂಗಳವಾರ ರಾತ್ರಿ ಮೂರೂ ಮೀನುಗಳು ನೀರಿನ ಮೇಲ್ಗಡೆಗೆ ಬಂದು ಬಾಯಿ ಬಿಟ್ಟು ಬಿಟ್ಟು ಮುಚ್ಚುತ್ತಿದ್ದವು. ಔಷಧ ಹತ್ತುತ್ತಿದೆ ಎಂದು ಹೆಂಡತಿಗೆ ಸಮಾಧಾನ ಹೇಳಿದವನೂ ನಾನೇ. ಹತ್ತೂವರೆಗೆ ಯಾಕೋ ಮನಸ್ಸು ತಡೆಯದೆ ಫಿಲ್ಟರ್ ಹಾಕಿದೆ. ಮೊದಲ ಒಂದು ನಿಮಿಷ ಅದರ ಬಾಯಿಯಿಂದ ಕಪ್ಪಗಿನ ನೀರು ಬಂತು, ಕೊಳೆತ ಮೊಟ್ಟೆಯ ವಾಸನೆ ಕೋಣೆಯೆಲ್ಲ ಹರಡಿತು. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದಾಗ ಮೂರೂ ಹೊಟ್ಟೆ ಮೇಲಾಗಿದ್ದವು.

ಅಕ್ಕನ ಮಗ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಅವನಿಗೆ ಮೊದಲೇ ಫೋನ್ ಮಾಡಬಹುದಿತ್ತು. ಒಂದು ಮೀನಿನ ವಿಷಯಕ್ಕೆ ಅವನನ್ನು ಯಾಕೆ ಕಾಡುವುದು ಎಂದು ಸುಮ್ಮನಿದ್ದೆ. ಆ ಬುಧವಾರ ಮಾಡಿದಾಗ ಅವನ ಮೊದಲ ಪ್ರಶ್ನೆ: "ಮಾವ, ಊದಿದ್ದು ಒಂದು ಕಣ್ಣೋ ಎರಡೋ?"

ಒಂದೇ ಎಂದೆ.

"ಒಂದೇ ಆದರೆ ಬಹುತೇಕ ಪೆಟ್ಟು. ಫಂಗಸ್ ಎಲ್ಲಿಂದ ಬಂತು? ನೀರು ಪರೀಕ್ಷೆ ಮಾಡಿದ್ದಿರಾ?"

ಕಣ್ಣು ಊದುವುದು ಒಂದು ರೋಗವಲ್ಲ, ಲಕ್ಷಣ. ಕಣ್ಣಿನ ಹಿಂಭಾಗದಲ್ಲಿ ದ್ರವ ತುಂಬಿಕೊಂಡು ಗುಡ್ಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದು ಪೆಟ್ಟಿನಿಂದ ಆಗಬಹುದು, ಕೆಟ್ಟ ನೀರಿನಿಂದ ಆಗಬಹುದು, ಒಳಗಿನ ಸೋಂಕಿನಿಂದಲೂ ಆಗಬಹುದು. ಬಿಳಿ ಪದರವೂ ಹಾಗೆಯೇ: ಮೀನಿಗೆ ರೆಪ್ಪೆ ಇಲ್ಲ, ಕಣ್ಣು ಹಗಲೂ ರಾತ್ರಿ ನೀರಿಗೆ ತೆರೆದೇ ಇರುತ್ತದೆ, ನೀರು ಕೆಟ್ಟರೆ ಕಣ್ಣಿಗೂ ತಟ್ಟುತ್ತದೆ. ಮೀಥಿಲೀನ್ ಬ್ಲೂ ಮೈಮೇಲಿನ ಬೂಷ್ಟಿಗೆ ಆಗಬಹುದು, ಗುಡ್ಡೆಯ ಹಿಂದೆ ತುಂಬಿದ ದ್ರವಕ್ಕೆ ಅದು ಏನೂ ಮಾಡುವುದಿಲ್ಲ.

ಆದರೆ ಅದು ಮಾಡುವ ಕೆಲಸ ಬೇರೆ ಇದೆ. ಮೀನು ತನ್ನ ಕಿವಿರುಗಳಿಂದ ಸದಾ ಅಮೋನಿಯಾ ಎಂಬ ವಿಷವನ್ನು ಬಿಡುತ್ತಿರುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ಅಷ್ಟು ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತದೆ. ನೀಲಿ ಔಷಧ ಈ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಕುಂದವಾಡ ಕೆರೆಯಿಂದ ಬರುವ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ, ಅದರ ಕೆಳಗೆ ಸ್ಪಂಜು ತೊಳೆದು ತೊಳೆದು ನಾನು ಮೊದಲೇ ಅರ್ಧ ಕೊಂದಿದ್ದೆ. ಉಳಿದರ್ಧವನ್ನು ಔಷಧ ಕೊಂದಿತು. ಎರಡು ದಿನ ನೀರು ಹರಿಯದೆ ಸ್ಪಂಜಿನೊಳಗೆ ಉಸಿರುಕಟ್ಟಿ ಕೊಳೆತದ್ದನ್ನೆಲ್ಲ ಮಂಗಳವಾರ ರಾತ್ರಿ ನಾನೇ ಸ್ವಿಚ್ ಹಾಕಿ ಮೀನುಗಳ ಮೇಲೆ ಸುರಿದೆ. ಔಷಧ ಹೀರುವುದು ಫಿಲ್ಟರಿನಲ್ಲಿರುವ ಇದ್ದಿಲು. ತೆಗೆಯಬೇಕಾದದ್ದು ಅದೊಂದನ್ನೇ, ಫಿಲ್ಟರ್ ನಿಲ್ಲಿಸುವುದಲ್ಲ.

ನಮ್ಮ ಊರಿನ ಬೇಸಿಗೆ ಇದಕ್ಕೆ ಇನ್ನೊಂದು ಸೇರಿಸುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ನೀರು ಬೆಚ್ಚಗಾದಷ್ಟೂ, ಕ್ಷಾರ ಹೆಚ್ಚಿದಷ್ಟೂ ಅದೇ ಪ್ರಮಾಣದ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ನಾನು ನಲ್ಲಿ ನೀರು ಬಾರದ ದಿನಗಳಲ್ಲಿ ತುಂಬುತ್ತಿದ್ದುದು ಬೋರ್‌ವೆಲ್ ನೀರನ್ನು. ಗಾಜಿನ ಅಂಚಿನಲ್ಲಿ ಸುಣ್ಣ ಬಳಿದಂತೆ ಬಿಳಿ ಗೆರೆ ಕೂರುತ್ತದಲ್ಲ, ಅಂಥ ಗಡಸು ನೀರು. ಟೆಟ್ರಾಸೈಕ್ಲಿನ್ ಆ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಅಂಟಿಕೊಂಡು ನಿಷ್ಪ್ರಯೋಜಕವಾಗುತ್ತದೆ, ಮೀನಿನ ಮೈಗೆ ಸೇರುವುದು ಅಷ್ಟಕ್ಕಷ್ಟೆ. ನಾಲ್ಕು ಕ್ಯಾಪ್ಸೂಲಿನಿಂದ ನನಗೆ ದಕ್ಕಿದ್ದು ನೀರಿನ ಮೇಲಿನ ಕಂದು ನೊರೆ.

ಬದುಕುಳಿದದ್ದಕ್ಕೆ ಅಕ್ಕನ ಮಗ ಹೇಳಿದ ಚಿಕಿತ್ಸೆ ಸರಳ. 20 ಲೀಟರ್ ಬಕೆಟ್, ಅದಕ್ಕೊಂದು ಏರ್ ಪಂಪ್, ಬೇರೇನೂ ಸೇರಿಸದ ಶುದ್ಧ ಎಪ್ಸಮ್ ಉಪ್ಪು, ಅಂದರೆ ಮೆಗ್ನೀಸಿಯಂ ಸಲ್ಫೇಟ್, ಒಂದು ಟೀ ಚಮಚ. ಹಿಂದಿನವರು ಭೇದಿಯಾಗಲೆಂದು ಕುಡಿಯುತ್ತಿದ್ದ ಉಪ್ಪು ಅದು. ಅಡುಗೆ ಉಪ್ಪಲ್ಲ, ಎರಡೂ ಒಂದೇ ಎಂದುಕೊಳ್ಳಬೇಡಿ. ಮೊದಲು ಚೊಂಬಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವೇ ಬಕೆಟ್ಟಿಗೆ ಸೇರಿಸಬೇಕು. ದಿನಕ್ಕೆ ಅರ್ಧ ನೀರು ಬದಲಿಸಿದರೆ ಉಪ್ಪೂ ಅರ್ಧ ಚಮಚವೇ. ಉಪ್ಪು ಆವಿಯಾಗಿ ಹೋಗುವುದಿಲ್ಲ, ದಿನವೂ ಒಂದೊಂದು ಚಮಚ ಹಾಕುತ್ತಾ ಹೋದರೆ ಏರುತ್ತಾ ಹೋಗುತ್ತದೆ. ಈ ಉಪ್ಪು ದ್ರವವನ್ನು ಹೊರಗೆಳೆದು ಊತ ಇಳಿಸುತ್ತದೆ ಅಷ್ಟೆ, ರೋಗಾಣುವನ್ನು ಕೊಲ್ಲುವುದಿಲ್ಲ. ನಲ್ಲಿ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ಮುಚ್ಚದೆ ಇಟ್ಟು ಬಳಸಿ, ಇಲ್ಲವೇ ಅಂಗಡಿಯಲ್ಲಿ ಸಿಗುವ ಆ್ಯಂಟಿಕ್ಲೋರಿನ್ ಹಾಕಿ. ಮೂರು ವಾರದಲ್ಲಿ ಕಣ್ಣು ಒಳಗೆ ಹೋಯಿತು. ಬಿಳಿ ಪದರ ಹೋಗಲಿಲ್ಲ, ಆ ಕಣ್ಣು ಕುರುಡು. ಮೀನಿಗೆ ಅದರಿಂದ ಅಂಥ ಕಷ್ಟವೇನೂ ಕಾಣುವುದಿಲ್ಲ, ವಾಸನೆ ಹಿಡಿದೇ ತಿನಿಸಿನ ಕಡೆ ಬರುತ್ತದೆ.

ನಿಮ್ಮ ಮೀನಿಗೆ ಎರಡೂ ಕಣ್ಣು ಒಟ್ಟಿಗೆ ಊದಿದ್ದರೆ, ಹೊಟ್ಟೆ ಉಬ್ಬಿ ಹುರುಪೆಗಳು ಹೊರಕ್ಕೆ ಎದ್ದು ನಿಂತಿದ್ದರೆ, ನನ್ನ ಬಕೆಟ್ ವೈದ್ಯವನ್ನು ನಂಬಿ ಕೂರಬೇಡಿ. ಅದು ಬಹುತೇಕ ಒಳಗಿನ ತೊಂದರೆ. ಮೀನಿನ ವಿಷಯ ತಿಳಿದ ಪಶುವೈದ್ಯರನ್ನೋ ಮೀನುಗಾರಿಕೆ ಓದಿದವರನ್ನೋ ಕೇಳಿ. ಆ್ಯಂಟಿಬಯೋಟಿಕ್ ಬೇಕಾದರೂ ಅದನ್ನು ಹೆಚ್ಚಾಗಿ ತಿನಿಸಿನಲ್ಲಿ ಸೇರಿಸಿ ಕೊಡುತ್ತಾರೆ. ಮೀನಿಗೆ ಬರುವ ಒಂದು ಬಗೆಯ ಕ್ಷಯದಲ್ಲಿಯೂ ಕಣ್ಣು ಊದುತ್ತದೆ, ಅದರ ರೋಗಾಣು ನಮ್ಮ ಕೈಯ ಗಾಯದ ಮೂಲಕ ಚರ್ಮಕ್ಕೆ ತಗಲಬಲ್ಲದು. ಬೆರಳು ಕೊಯ್ದುಕೊಂಡಿದ್ದರೆ ಕೈಗವಸು ಇಲ್ಲದೆ ತೊಟ್ಟಿಗೆ ಕೈ ಹಾಕಬೇಡಿ. ಇನ್ನು ಕಪ್ಪು ಬಣ್ಣದ ಬ್ಲ್ಯಾಕ್ ಮೂರ್ ತಂದಿದ್ದರೆ ಗಾಬರಿಯಾಗಬೇಡಿ, ಅದರ ಕಣ್ಣುಗಳು ಹೊರಬಂದಿರುವುದೇ ಅದರ ಜಾತಿ. ಹಾಗೆ ಗಾಬರಿಯಾಗಿ ನೀಲಿ ಬಾಟಲಿ ಒಯ್ದವರನ್ನೂ ಅದೇ ಅಂಗಡಿಯಲ್ಲಿ ಕಂಡೆ.

ಆ ಅಂಗಡಿಗೆ ಮತ್ತೊಮ್ಮೆ ಹೋಗಿದ್ದೆ. ಜಗಳಕ್ಕಲ್ಲ, ಕೇಳುವುದಕ್ಕೆ. "ನಿಮ್ಮ ನೀರು ಸರಿ ಇರಲಿಲ್ಲ ಸರ್" ಎಂದ. ನಿಜ. ಆದರೆ ಆ ಮಾತನ್ನು ಬಾಟಲಿ ಕೊಡುವ ಮೊದಲು ಹೇಳಬೇಕಿತ್ತು. ಮೂರು ಹೊಸ ಮೀನು ಕಡಿಮೆ ದರಕ್ಕೆ ಕೊಡುತ್ತೇನೆ ಎಂದೂ ಹೇಳಿದ.

ತಂದಿಲ್ಲ. ನಮ್ಮ ತೊಟ್ಟಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಅಂದರೆ 56 ಲೀಟರ್. ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45. ಅದರಲ್ಲಿ ನಾಲ್ಕು ಗೋಲ್ಡ್ ಫಿಶ್ ಇಟ್ಟಿದ್ದೇ ತಪ್ಪು. ಅಮೋನಿಯಾ ಪರೀಕ್ಷೆಯ ಕಿಟ್ ತರಿಸಿದಾಗಲೂ ಒಂದು ತಮಾಷೆ ನಡೆಯಿತು: ಬಣ್ಣ ನೋಡಿ ಅಳೆಯುವ ಪರೀಕ್ಷೆ ಅದು (ಹಳದಿಯಾದರೆ ಅಮೋನಿಯಾ ಇಲ್ಲ, ಹಸಿರಾದರೆ ಇದೆ), ನಮ್ಮ ನೀರು ಇನ್ನೂ ನೀಲಿ. ಪೂರ್ತಿ ನೀರು ಚೆಲ್ಲಿ, ಸ್ಪಂಜಿನಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಹೊಸದಾಗಿ ಬೆಳೆಯಲೆಂದು ಆರು ವಾರ ಕಾದೆವು. ಗಾಜುಗಳನ್ನು ಕೂಡಿಸಿದ ಸಿಲಿಕೋನ್ ಅಂಟು ಮಾತ್ರ ಇನ್ನೂ ನೀಲಿಯಾಗಿಯೇ ಇದೆ, ಎಷ್ಟು ತಿಕ್ಕಿದರೂ ಹೋಗಲಿಲ್ಲ. ಈಗ ಪ್ರತಿ ಭಾನುವಾರ ಮೂರನೆಯ ಒಂದು ಭಾಗ ನೀರು ತೆಗೆಯುತ್ತೇವೆ, ಸ್ಪಂಜನ್ನು ಆ ತೆಗೆದ ನೀರಿನಲ್ಲೇ ಅದ್ದಿ ಹಿಂಡುತ್ತೇವೆ. ಮಗಳು ಗಾಜಿನ ನಳಿಕೆಗೆ ಹನಿ ಎಣಿಸಿ ಹಾಕಿ, ಬಿಳಿ ಕಾಗದದ ಮುಂದೆ ಹಿಡಿದು, "ಅಪ್ಪ, ಇದು ಹಳದಿಯೇ ತಾನೆ, ಹಸಿರಲ್ಲ ಅಲ್ಲವೇ?" ಎಂದು ಎರಡೆರಡು ಸಲ ಕೇಳುತ್ತಾಳೆ.