ಕಪ್ಪೆ, ಗಜ್ಜರಿ ಮತ್ತು ಬ್ಯಾಡಗಿಯ ದರಪಟ್ಟಿ

ಫ್ಲೆಕ್ಸ್‌ಬಾಕ್ಸ್ ಫ್ರಾಗಿಯಲ್ಲಿ 24 ಹಂತ, ಗ್ರಿಡ್ ಗಾರ್ಡನ್‌ನಲ್ಲಿ 28. ಎರಡೂ ಬ್ರೌಸರ್‌ನಲ್ಲೇ ಆಡುವ ಪುಕ್ಕಟೆ ಆಟಗಳು, ಸಿಎಸ್‌ಎಸ್‌ನಲ್ಲಿ (ವೆಬ್ ಪುಟದ ರೂಪ ಹೇಳುವ ಭಾಷೆ) ಪುಟದ ಭಾಗಗಳನ್ನು ಜೋಡಿಸುವ ಫ್ಲೆಕ್ಸ್, ಗ್ರಿಡ್ ಎಂಬ ಎರಡು ವಿಧಾನ ಕಲಿಸುವಂಥವು. ಒಂದರಲ್ಲಿ ಕಪ್ಪೆಗಳನ್ನು ಅವುಗಳ ಬಣ್ಣದ ಎಲೆ ಮೇಲೆ ಕೂರಿಸಬೇಕು, ಇನ್ನೊಂದರಲ್ಲಿ ಗಜ್ಜರಿ ಮಡಿಗೆ ನೀರು ಬಿಡಬೇಕು. ಎರಡಕ್ಕೂ ಕೈಯಲ್ಲಿರುವುದು ಒಂದೆರಡು ಸಾಲು ಸಿಎಸ್‌ಎಸ್ ಮಾತ್ರ. ಟೇಬಲ್ ಹಾಕಿ ಪುಟ ಕಟ್ಟುವ ರೂಢಿಯನ್ನು ಇವು ಎಷ್ಟು ಬಿಡಿಸುತ್ತವೆ ಎಂದು ಅಳೆಯಲು ಒಂದು ಮಾದರಿ ಪುಟ ಇಟ್ಟುಕೊಂಡೆವು: ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ ಹೊಂದುವಂಥದ್ದು. ಮೇಲೆ ಅಂಗಡಿ ಹೆಸರು, ಎಡಕ್ಕೆ ಮೆನು, ನಡುವೆ ಡಬ್ಬಿ, ಕಡ್ಡಿ ತಳಿಗಳ ದರ, ಬಲಕ್ಕೆ ಫೋನ್ ನಂಬರು. ಅಗಲ ಹಳೆಯ 800×600 ಪರದೆಯ ಲೆಕ್ಕದ್ದು: 150, 460, 150, ಒಟ್ಟು 760 ಪಿಕ್ಸೆಲ್.

ಮೊದಲು ಕಪ್ಪೆ. ಜಸ್ಟಿಫೈ-ಕಂಟೆಂಟ್ (ಸಾಲಿನ ಉದ್ದಕ್ಕೆ ಹೊಂದಿಸಲು), ಅಲೈನ್-ಐಟಮ್ಸ್ (ಸಾಲಿಗೆ ಅಡ್ಡಲಾಗಿ ಹೊಂದಿಸಲು), ಫ್ಲೆಕ್ಸ್-ಡೈರೆಕ್ಷನ್ (ಸಾಲಿನ ದಿಕ್ಕಿಗೆ) ಒಂದರ ಮೇಲೊಂದು ಬರುತ್ತವೆ, ತಪ್ಪು ಬರೆದರೆ ಕಪ್ಪೆ ಬೇರೆಡೆ ಹೋಗಿ ಕೂರುತ್ತದೆ, ವಿವರಣೆ ಓದುವ ಕೆಲಸವೇ ಇಲ್ಲ. ದಿಕ್ಕನ್ನು ಕಾಲಮ್ ಮಾಡಿದಾಗ ಜಸ್ಟಿಫೈ ಮೇಲೆ-ಕೆಳಗೆ ಕೆಲಸ ಮಾಡುತ್ತದೆ, ಅಲೈನ್ ಅಡ್ಡಡ್ಡ. ಹೊಸಬರು ತಿಂಗಳುಗಟ್ಟಲೆ ಎಡವುವ ಈ ಜಾಗವನ್ನು ಆಟ ನಾಲ್ಕೈದು ಹಂತದಲ್ಲಿ ಕೈಗೆ ಹತ್ತಿಸುತ್ತದೆ. ವಿ-ಅಲೈನ್ ಮಿಡಲ್ (ಮೇಲೆ-ಕೆಳಗಿನ ನಡುವೆ ನಿಲ್ಲಿಸುವುದು) ಹಾಕಲೆಂದೇ ಟೇಬಲ್ ಎಳೆದು ತರುವವರಿಗೆ ಇಷ್ಟೇ ಸಾಕು.

ಕೊರತೆ ಒಂದಿದೆ. ಕೊಳದ ಮೇಲೆ ‘ಡಿಸ್‌ಪ್ಲೇ: ಫ್ಲೆಕ್ಸ್’ ಮೊದಲೇ ಬರೆದಿಟ್ಟಿರುತ್ತಾರೆ, ಆಡುವವರು ಅದರ ಕೆಳಗಿನ ಸಾಲನ್ನಷ್ಟೇ ತುಂಬುತ್ತಾರೆ. ಹಾಗಾಗಿ 24 ಹಂತ ದಾಟಿದವರೂ ಸ್ವಂತ ಪುಟಕ್ಕೆ ಬಂದು ಜಸ್ಟಿಫೈ-ಕಂಟೆಂಟನ್ನು ಮೆನುವಿನ ಒಂದೊಂದು ಲಿಂಕಿಗೆ ಹಚ್ಚಿ, ಏನೂ ಅಲ್ಲಾಡಲಿಲ್ಲ ಅಂತ ಕೂರುತ್ತಾರೆ. ಅದು ಲಿಂಕುಗಳನ್ನು ಹೊತ್ತ ತಾಯಿ ಡಬ್ಬಿಗೆ ಹೋಗಬೇಕು, ಫ್ಲೆಕ್ಸ್ ಅನ್ನುವುದೂ ಅಲ್ಲೇ. ಆಟದ ‘ಆರ್ಡರ್’ ಹಂತಗಳ ಬಗ್ಗೆಯೂ ಒಂದು ಎಚ್ಚರಿಕೆ: ಅದು ಕಣ್ಣಿಗೆ ಮಾತ್ರ ಜಾಗ ಬದಲಿಸುತ್ತದೆ. ಟ್ಯಾಬ್ ಕೀ ಒತ್ತಿದರೆ ಎಚ್‌ಟಿಎಂಎಲ್‌ನಲ್ಲಿ ಬರೆದ ಕ್ರಮದಲ್ಲೇ ಹೋಗುತ್ತದೆ, ಸ್ಕ್ರೀನ್ ರೀಡರ್ (ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ) ಕೂಡ ಹಾಗೇ ಓದುತ್ತದೆ.

ಗ್ರಿಡ್ ಗಾರ್ಡನ್ ಟೇಬಲ್ ಗೊತ್ತಿದ್ದವರಿಗೆ ಇನ್ನೂ ಸಲೀಸು, ಕೋಲ್‌ಸ್ಪ್ಯಾನ್ (ಒಂದು ಸೆಲ್ಲನ್ನು ಹಲವು ಕಾಲಮ್ಮಿಗೆ ಚಾಚುವುದು) ಬಲ್ಲವರಿಗೆ ‘ಸ್ಪ್ಯಾನ್ 2’ ಹೊಸದೇನಲ್ಲ. ಹೊಸದಿರುವುದು ಗೆರೆ ಎಣಿಸುವುದು. ಮೂರು ಕಾಲಮ್ಮಿಗೆ ಗೆರೆ ನಾಲ್ಕು, ಹೊಲದ ಬದುವಿನ ಲೆಕ್ಕದ ಹಾಗೆ. ‘1 / 3’ ಅಂದರೆ ಒಂದನೆಯ ಗೆರೆಯಿಂದ ಮೂರನೆಯ ಗೆರೆವರೆಗೆ, ಅಂದರೆ ಎರಡೇ ಕಾಲಮ್. ಅಂಗಡಿ ಹೆಸರಿನ ಪಟ್ಟಿ ಪೂರ್ತಿ ಅಗಲ ಹಿಡಿಯಬೇಕಿದ್ದರೆ ‘1 / -1’ ಬರೆದರೆ ಆಯಿತು, -1 ಅಂದರೆ ಕೊನೆಯ ಗೆರೆ. ಗೆರೆ ಕಣ್ಣಿಗೆ ಕಾಣದೆ ಗೊಂದಲವಾದರೆ ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿ, ಲೇಔಟ್ ಭಾಗದಲ್ಲಿ ಗ್ರಿಡ್ಡಿಗೆ ಟಿಕ್ ಹಾಕಿ. ಪುಟದ ಮೇಲೆಯೇ ಗೆರೆ, ನಂಬರು ಮೂಡುತ್ತವೆ.

ಈ ತೋಟವನ್ನು ಬಹುತೇಕ 20 ಶೇಕಡಾದ ಐದು ಕಾಲಮ್ಮುಗಳಲ್ಲಿ ಹಾಕಿದ್ದಾರೆ, ಕಾಲಮ್ಮುಗಳ ನಡುವೆ ಅಂತರವಿಲ್ಲ. ಅದೇ ಅಳತೆಯನ್ನು ನಿಜದ ಪುಟಕ್ಕೆ ತಂದು, ಸೆಲ್‌ಸ್ಪೇಸಿಂಗಿನ (ಟೇಬಲ್ ಸೆಲ್ಲುಗಳ ನಡುವಿನ ಅಂತರ) ಬದಲು 16 ಪಿಕ್ಸೆಲ್ ‘ಗ್ಯಾಪ್’ ಕೊಟ್ಟು ನೋಡಿ. ಐದು ಕಾಲಮ್ ಸೇರಿ ಆಗಲೇ ನೂರು ಶೇಕಡಾ ತಿಂದಿವೆ, ನಾಲ್ಕು ಗ್ಯಾಪಿನ 64 ಪಿಕ್ಸೆಲ್ ಹೊರಗೆ ಚೆಲ್ಲುತ್ತದೆ. ಎಫ್‌ಆರ್ (ಉಳಿದ ಜಾಗದ ಪಾಲು) ಅಳತೆ ಇಟ್ಟರೆ ಮೊದಲು ಗ್ಯಾಪ್ ಕಳೆದು, ಉಳಿದದ್ದನ್ನು ಹಂಚುತ್ತದೆ. ಆಟ ಎಫ್‌ಆರ್‌ಗೆ ಬರುವುದು ಕೊನೆ ಕೊನೆಗೆ. ತಾಳ್ಮೆಯಿಲ್ಲದವರು ಅರ್ಧಕ್ಕೇ ಬಿಟ್ಟು ಶೇಕಡಾ ಮಾತ್ರ ಕಲಿತು ಎದ್ದುಬಿಡುತ್ತಾರೆ, ಹಾಗೆ ಮಾಡಬೇಡಿ.

ಎಫ್‌ಆರ್ ಒಂದರಿಂದಲೇ ದಲಾಲಿ ಅಂಗಡಿಯ ಪುಟ ನಿಲ್ಲುವುದಿಲ್ಲ. ಕಪ್ಪೆಗೂ ಗಜ್ಜರಿಗೂ ಒಳಗೆ ಅಕ್ಷರವಿಲ್ಲ. ಅವುಗಳ ಗಾತ್ರ ಮೊದಲೇ ಗೊತ್ತು, ಎಲ್ಲಿ ಇಡಬೇಕೆಂಬುದೇ ಪ್ರಶ್ನೆ. ಟೇಬಲ್ ಅಷ್ಟು ವರ್ಷ ಬಾಳಿದ್ದೇ ಅದು ಒಳಗಿನ ಸರಕು ನೋಡಿ ತಾನಾಗಿ ಅಗಲ ಹೊಂದಿಸಿಕೊಳ್ಳುತ್ತಿತ್ತು ಅಂತ. ಅಗಲ ಯಾರು ನಿರ್ಧರಿಸಬೇಕು ಅನ್ನುವ ಈ ಪಾಠ ಎರಡೂ ಆಟದಲ್ಲಿ ಇಲ್ಲ. ಹಿಗ್ಗುವ, ಕುಗ್ಗುವ, ಮೂಲ ಅಳತೆ ಹೇಳುವ ಫ್ಲೆಕ್ಸ್-ಗ್ರೋ, ಫ್ಲೆಕ್ಸ್-ಶ್ರಿಂಕ್, ಫ್ಲೆಕ್ಸ್-ಬೇಸಿಸ್ ಕಪ್ಪೆಯ ಕೊಳದಲ್ಲಿ ಸಿಗವು, ಕನಿಷ್ಠ-ಗರಿಷ್ಠ ಅಗಲ ಹೇಳುವ ಮಿನ್‌ಮ್ಯಾಕ್ಸ್ ತೋಟದಲ್ಲಿ ಸಿಗದು.

ಮಾದರಿ ಪುಟದಲ್ಲಿ ಇದು ಕೂಡಲೇ ಕಾಣುತ್ತದೆ. ಕಾಲಮ್ ‘150 ಪಿಕ್ಸೆಲ್, 1ಎಫ್‌ಆರ್, 150 ಪಿಕ್ಸೆಲ್’ ಎಂದು ಬರೆದು, ನಡುವೆ ದರಪಟ್ಟಿ ಇಟ್ಟರೆ (ತಳಿ, ಆವಕ ಚೀಲ, ಕನಿಷ್ಠ, ಗರಿಷ್ಠ, ಸರಾಸರಿ) ಕಿಟಕಿ ಕಿರಿದಾದಂತೆ ನಡುವಿನ ಕಾಲಮ್ ಒಂದು ಹಂತದ ನಂತರ ಕುಗ್ಗುವುದೇ ಇಲ್ಲ, ಪುಟ ಹುಬ್ಬಳ್ಳಿ ಸ್ಟೇಶನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಂತೆ ಬಲಕ್ಕೆ ಉದ್ದ ಹೋಗುತ್ತದೆ. 1ಎಫ್‌ಆರ್‌ನ ಕನಿಷ್ಠ ಮಿತಿ ಸೊನ್ನೆಯಲ್ಲ, ‘ಆಟೋ’. ಒಳಗಿನ ಸರಕು ಎಷ್ಟು ಕಿರಿದಾಗಬಲ್ಲದೋ ಅದಕ್ಕಿಂತ ಅದು ಕೆಳಗಿಳಿಯದು. ‘ಮಿನ್‌ಮ್ಯಾಕ್ಸ್(0, 1ಎಫ್‌ಆರ್)’ ಬರೆಯಿರಿ, ದರಪಟ್ಟಿಗೆ ಒಂದು ಡಿವ್ (ಬರೀ ಡಬ್ಬಿಯಂಥ ಟ್ಯಾಗ್) ಸುತ್ತಿ ‘ಓವರ್‌ಫ್ಲೋ-ಎಕ್ಸ್: ಆಟೋ’ ಕೊಡಿ. ಆಗ ಪಟ್ಟಿಯಷ್ಟೇ ಸರಿದಾಡುತ್ತದೆ, ಪುಟ ಅಲ್ಲಾಡದು. ಫ್ಲೆಕ್ಸ್‌ನಲ್ಲಿ ಇದೇ ರೋಗಕ್ಕೆ ಮದ್ದು ಮಗುವಿನ ಮೇಲೆ ‘ಮಿನ್-ವಿಡ್ತ್: 0’.

ದರಪಟ್ಟಿ ಮಾತ್ರ ಟೇಬಲ್ಲಾಗಿಯೇ ಇರಲಿ. ಡಿವ್‌ಗಳಲ್ಲಿ ಅದನ್ನು ಒಡೆದು ಹಾಕಿದರೆ ‘ಕಡ್ಡಿ’ಯ ಸಾಲಿಗೂ ‘ಗರಿಷ್ಠ’ದ ಕಾಲಮ್ಮಿಗೂ ಇರುವ ನಂಟು ಸ್ಕ್ರೀನ್ ರೀಡರಿಗೆ ಸಿಗದು. ಬಿಡಬೇಕಾದದ್ದು ಪುಟದ ಚೌಕಟ್ಟಿಗೆ ಹಾಕಿದ ಟೇಬಲ್. ಇಮೇಲ್‌ನಲ್ಲಿ ದರ ಕಳಿಸುವವರು ಅಲ್ಲಿ ಚೌಕಟ್ಟಿಗೂ ಟೇಬಲ್ ಬಿಡಲಾರರು, ವಿಂಡೋಸಿನ ಹಳೆ ಡೆಸ್ಕ್‌ಟಾಪ್ ಔಟ್‌ಲುಕ್ ಪತ್ರವನ್ನು ವರ್ಡ್‌ನ ಯಂತ್ರದಿಂದ ತೋರಿಸುತ್ತದೆ, ಅದಕ್ಕೆ ಗ್ರಿಡ್ ತಿಳಿಯದು.

ಇನ್ನು ಫೋನು. 360 ಪಿಕ್ಸೆಲ್ ಅಗಲದಲ್ಲಿ ಎರಡು ಬದಿಗೆ 300, ಗ್ಯಾಪಿಗೆ 32 ಹೋದರೆ ದರಕ್ಕೆ ಉಳಿಯುವುದು 28 ಪಿಕ್ಸೆಲ್. ಆದ್ದರಿಂದ ಮೊದಲು ಒಂದೇ ಕಾಲಮ್ಮಿನ ಪುಟ ಬರೆದು, 640 ದಾಟಿದ ಮೇಲೆ ಮೀಡಿಯಾ ಕ್ವೆರಿಯಿಂದ (ಪರದೆಯ ಅಗಲ ನೋಡಿ ನಿಯಮ ಬದಲಿಸುವ ಸಾಲು) ಮೂರು ಮಾಡುವುದು ಒಳ್ಳೆಯದು. ಕ್ವೆರಿ ಸರಿಯಿದ್ದೂ ಫೋನಿನಲ್ಲಿ ಮೂರು ಕಾಲಮ್ಮೇ ಸಣ್ಣದಾಗಿ ಕಂಡರೆ ಹೆಡ್ಡಿನಲ್ಲಿ ವ್ಯೂಪೋರ್ಟ್ ಮೆಟಾ (ಪರದೆಯ ನಿಜವಾದ ಅಗಲವನ್ನೇ ಬಳಸು ಎನ್ನುವ ಟ್ಯಾಗ್) ಮರೆತಿದ್ದೀರಿ. ಅದಿಲ್ಲದಿದ್ದರೆ ಫೋನು ತನ್ನನ್ನು ಸುಮಾರು 980 ಪಿಕ್ಸೆಲ್ ಅಗಲ ಎಂದುಕೊಳ್ಳುತ್ತದೆ.

ಕನ್ನಡದ ಪುಟಕ್ಕೆ ಆಟ ಹೇಳದ ಎರಡು ಮಾತು. ಟೇಬಲ್ ಸೆಲ್ಲಿಗೆ ಎತ್ತರ 40 ಎಂದು ಕೊಟ್ಟರೂ ಅಕ್ಷರ ಹೆಚ್ಚಾದರೆ ಅದು ಬೆಳೆಯುತ್ತಿತ್ತು, ಡಿವ್‌ಗೆ ‘ಹೈಟ್: 40 ಪಿಕ್ಸೆಲ್’ ಅಂದರೆ ಅಷ್ಟೇ. ಓವರ್‌ಫ್ಲೋ ಹಿಡನ್ ಇದ್ದರೆ ‘ರಾಷ್ಟ್ರ’ದ ಒತ್ತು ಕತ್ತರಿಸಿಹೋಗುತ್ತದೆ. ‘ಮಿನ್-ಹೈಟ್’ ಇಡಿ, ಲೈನ್-ಹೈಟ್ 1.6ಕ್ಕೆ ಕಡಿಮೆ ಬೇಡ. ಎರಡನೆಯದು ‘ಉತ್ಪನ್ನಗಳಿಗನುಗುಣವಾಗಿ’ ತರಹದ ಸಂಧಿ ಪದ. 150 ಪಿಕ್ಸೆಲ್ ಮೆನುವಿನಲ್ಲಿ ಅದು ಹೊರಗೆ ಚಾಚುತ್ತದೆ. ‘ಓವರ್‌ಫ್ಲೋ-ರ‍್ಯಾಪ್: ಎನಿವೇರ್’ ಹಾಕಿದರೆ ಒಡೆದು ಕೂರುತ್ತದೆ, ಒಡೆದ ಜಾಗ ಚಂದ ಇರುವುದಿಲ್ಲ. ಮೆನು ಅಗಲವನ್ನು 12 ರೆಮ್ (ಪುಟದ ಮೂಲ ಅಕ್ಷರ ಗಾತ್ರದ 12 ಪಟ್ಟು) ಮಾಡುವುದೇ ಮೇಲು.

ಗ್ರಿಡ್ 2017ರ ಮಾರ್ಚಿನಲ್ಲೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿಗಳಿಗೆ ಬಂದಿದೆ, ಹಳೆ ಬ್ರೌಸರಿನ ನೆಪ ಇನ್ನು ನಡೆಯದು. ಆಟಗಳಿಗೆ ಒಂದು ಮಧ್ಯಾಹ್ನ ಸಾಕು, ದರಪಟ್ಟಿಯಂಥ ಪುಟಕ್ಕೆ ಎರಡು ದಿನ ತೆಗೆದಿಡಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸಿನಲ್ಲಿ ಫೋನಿನಲ್ಲೇ ಮುಗಿಸುತ್ತೇನೆ ಅಂದರೆ ಆಗದು, ಕೋಲನ್ನು-ಸೆಮಿಕೋಲನ್ನಿಗೆ ಕೀಬೋರ್ಡ್ ಬೇಕು. ಎಲ್ಲಿಗೆ ಬಂದಿರಿ ಅನ್ನುವುದು ಆಯಾ ಬ್ರೌಸರಿನಲ್ಲೇ ಉಳಿಯುತ್ತದೆ. ಕಾಲೇಜು ಲ್ಯಾಬಿನ, ದಿನವೂ ಅಳಿಸಿಹೋಗುವ ಕಂಪ್ಯೂಟರಿನಲ್ಲಿ ಆಡುವವರು ಬರೆದ ಸಾಲುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೇ ಏಳಲಿ.