ಉಕ್ಕಿನಿಂದ ಗ್ರಾಫೈಟ್‌ಗೆ: ಅರವತ್ತೈದು ದಾಟಿದ ಗಾಲ್ಫ್ ಆಟಗಾರನ ದೀರ್ಘಕಾಲದ ಬಳಕೆಯ ವಿಮರ್ಶೆ

ಬಹಳ ಕಾಲದಿಂದ ಆಡುತ್ತಿದ್ದ ನನ್ನ ಐರನ್‌ಗಳ (ಚಪ್ಪಟೆ ಲೋಹದ ತಲೆಯ ಕ್ಲಬ್ಬುಗಳ) ತಲೆಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳಲ್ಲಿದ್ದ ಉಕ್ಕಿನ ಶಾಫ್ಟುಗಳನ್ನು (ಕೋಲುಗಳನ್ನು) ತೆಗೆಸಿ ಗ್ರಾಫೈಟ್ ಶಾಫ್ಟುಗಳನ್ನೂ, ಅವುಗಳ ಮೇಲೆ ಸ್ವಲ್ಪ ದಪ್ಪನೆಯ ಮಿಡ್‌ಸೈಜ್ ಅಳತೆಯ ಮೆತ್ತನೆಯ ಗ್ರಿಪ್ಪುಗಳನ್ನೂ (ಹಿಡಿಕೆಗಳನ್ನೂ) ಹಾಕಿಸಿಕೊಂಡಿದ್ದೇನೆ. ಮೈಸೂರು ಹಾಗೂ ಬೆಂಗಳೂರಿನ ಮೈದಾನಗಳಲ್ಲಿ ಹಲವು ಬೇಸಿಗೆ, ಮಳೆಗಾಲಗಳನ್ನು ಈ ಸೆಟ್ಟಿನೊಂದಿಗೆ ಕಳೆದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮೊಣಕೈ, ಹೆಬ್ಬೆರಳು, ಸೊಂಟ ಇವು ಮೂರರಲ್ಲಿ ಒಂದಾದರೂ ನೋಯುತ್ತಿರುವ, ಆದರೆ ಆಟವನ್ನು ಬಿಡಲು ಮನಸ್ಸಿಲ್ಲದ ಹಿರಿಯ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ತಯಾರಕರ ಹೆಸರುಗಳನ್ನು ಹೇಳುತ್ತಿಲ್ಲ. ಈ ಬದಲಾವಣೆಯಲ್ಲಿ ಫಲ ಕೊಡುವುದು ಶಾಫ್ಟಿನ ತೂಕ, ಗ್ರಿಪ್ಪಿನ ದಪ್ಪ ಮತ್ತು ಜೋಡಿಸುವವರ ಕೈಚಳಕವೇ ಹೊರತು ಅಂಟಿಸಿರುವ ಚೀಟಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಾನು ಬಲಗೈ ಆಟಗಾರ. ನನ್ನ ನೋವು ಶುರುವಾದದ್ದು ಬಲ ಮೊಣಕೈಯ ಒಳಬದಿಯಲ್ಲಿ. ಮಣಿಕಟ್ಟನ್ನು ಒಳಕ್ಕೆ ಬಗ್ಗಿಸುವ ಮತ್ತು ಮುಂಗೈಯನ್ನು ಕೆಳಮುಖವಾಗಿ ತಿರುಗಿಸುವ ಸ್ನಾಯುಗಳೆಲ್ಲವೂ ಒಂದೇ ಸ್ನಾಯುರಜ್ಜುವಾಗಿ ಮೊಣಕೈಯ ಒಳಗಿನ ಮೂಳೆಯ ಉಬ್ಬಿಗೆ ಬಂದು ಅಂಟಿಕೊಳ್ಳುತ್ತವೆ. ಚೆಂಡಿಗೆ ತಗಲಬೇಕಾದ ಐರನ್ ಅದಕ್ಕೂ ಮೊದಲೇ ನೆಲವನ್ನು ಬಡಿದಾಗ ಕ್ಲಬ್ಬಿನ ತಲೆ ತಟ್ಟನೆ ನಿಲ್ಲುತ್ತದೆ, ಆದರೆ ತೋಳು ಮುಂದಕ್ಕೆ ಸಾಗುತ್ತಲೇ ಇರುತ್ತದೆ. ಆ ಕ್ಷಣದ ಸೆಳೆತವನ್ನೆಲ್ಲ ಆ ಸಣ್ಣ ಅಂಟುಜಾಗವೇ ತಡೆದುಕೊಳ್ಳಬೇಕಾಗುತ್ತದೆ. ವೈದ್ಯರು ಇದನ್ನು ‘ಗಾಲ್ಫರ್ಸ್ ಎಲ್ಬೋ’ ಎನ್ನುತ್ತಾರೆ. ಎಡಗೈಯಲ್ಲಿ ಮೊಣಕೈಯ ಹೊರಬದಿ ನೋಯುವ ‘ಟೆನ್ನಿಸ್ ಎಲ್ಬೋ’ ಕೂಡ ಗಾಲ್ಫ್ ಆಡುವವರಲ್ಲಿ ಸಾಮಾನ್ಯವೇ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡಬೇಕು: ಒಳಬದಿಯ ನೋವಿನ ಜೊತೆಗೆ ಕಿರುಬೆರಳು ಮತ್ತು ಉಂಗುರಬೆರಳು ಜುಮ್ಮೆನ್ನುತ್ತಿದ್ದರೆ, ಅದೇ ಉಬ್ಬಿನ ಹಿಂದೆ ಹಾದುಹೋಗುವ ನರಕ್ಕೂ ಒತ್ತಡ ಬಿದ್ದಿರಬಹುದು; ಅಂಥವರು ಕ್ಲಬ್ಬಿನ ಅಂಗಡಿಗೆ ಹೋಗುವ ಮೊದಲು ಮೂಳೆ ವೈದ್ಯರನ್ನು ಕಾಣಲೇಬೇಕು.

ನಮ್ಮ ನೆಲದ ಗುಣವೂ ಇದರಲ್ಲಿ ಪಾಲು ಪಡೆದಿದೆ. ಮುಂಗಾರಿಗೆ ಮೊದಲಿನ ಎರಡು ಮೂರು ತಿಂಗಳು ಬಯಲುಸೀಮೆಯ ಫೇರ್‌ವೇಗಳು ಒಣಗಿ ಬಿರುಸಾಗಿರುತ್ತವೆ. ಆಗ ಅರ್ಧ ಅಂಗುಲ ಹಿಂದೆ ಬಡಿದ ಹೊಡೆತವೂ ಭುಜದವರೆಗೆ ಅದುರುತ್ತದೆ. ಡ್ರೈವಿಂಗ್ ರೇಂಜಿನಲ್ಲಿ ಕಾಂಕ್ರೀಟಿನ ಮೇಲೆ ಹಾಸಿದ ತೆಳು ಮ್ಯಾಟ್ ಇದಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅಲ್ಲಿ ನೆಲ ಬಡಿದ ಐರನ್ ಜಾರಿ ಚೆಂಡನ್ನು ಹೇಗೋ ಮುಟ್ಟುವುದರಿಂದ ಹೊಡೆತ ಚೆನ್ನಾಗಿಯೇ ಹೋದಂತೆ ಕಾಣುತ್ತದೆ, ಕೈ ಮಾತ್ರ ಪ್ರತಿಯೊಂದು ಹೊಡೆತದ ಏಟನ್ನೂ ತಿನ್ನುತ್ತಿರುತ್ತದೆ. ರೇಂಜಿನಲ್ಲಿ ಹುಲ್ಲಿನ ಮೇಲೆ ಆಡುವ ಅವಕಾಶವಿದ್ದರೆ ಹಿರಿಯರು ಅದನ್ನೇ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ಚೆಂಡನ್ನು ಗಿಡ್ಡ ಟೀ (ಚೆಂಡನ್ನು ಎತ್ತಿ ಹಿಡಿಯುವ ಗೂಟ) ಮೇಲಿಟ್ಟು ಅಭ್ಯಾಸ ಮಾಡುವುದು ಮೇಲು.

ಇನ್ನು ಶಾಫ್ಟಿನ ವಿಷಯ. ಗ್ರಾಫೈಟ್ ಶಾಫ್ಟನ್ನು 1969ರಲ್ಲಿ ಅಮೆರಿಕದ ಶೇಕ್ಸ್‌ಪಿಯರ್ ಎಂಬ ಕ್ರೀಡಾ ಸಾಮಗ್ರಿ ಕಂಪನಿಯಲ್ಲಿ ಫ್ರಾಂಕ್ ಥಾಮಸ್ ರೂಪಿಸಿದರು. ಇಂದು ಗ್ರಾಫೈಟ್ ಇಲ್ಲದ ಡ್ರೈವರನ್ನು (ದೂರದ ಹೊಡೆತದ ಉದ್ದ ಕ್ಲಬ್ಬನ್ನು) ಹುಡುಕಿದರೂ ಸಿಗುವುದು ಕಷ್ಟ. ಹಾಗಿದ್ದೂ ಐರನ್‌ನ ಮಾತು ಬಂದಾಗ ಅದು ಮುದುಕರಿಗೆ ಮತ್ತು ಕಲಿಯುವವರಿಗೆ ಮಾತ್ರ ಎಂಬ ಭಾವನೆ ನಮ್ಮ ಕ್ಲಬ್‌ಗಳಲ್ಲಿ ಇನ್ನೂ ಉಳಿದಿದೆ. ಇದಕ್ಕೆ ಆಧಾರವಿಲ್ಲ. ಅಮೆರಿಕದ ವೃತ್ತಿಪರ ಆಟಗಾರ ಮ್ಯಾಟ್ ಕೂಚರ್ ಅವರು ಗ್ರಾಫೈಟ್ ತಿರುಳಿನ ಮೇಲೆ ಉಕ್ಕಿನ ಎಳೆಗಳನ್ನು ಸುತ್ತಿದ ಶಾಫ್ಟುಗಳನ್ನು ತಮ್ಮ ಐರನ್‌ಗಳಲ್ಲಿ ಬಳಸಿ ಅತ್ಯುನ್ನತ ಮಟ್ಟದಲ್ಲಿ ಆಡಿದವರು. ತಮ್ಮ ಕೈಗೆ ಯಾವುದು ಸರಿಹೊಂದುತ್ತದೆ ಎಂಬುದನ್ನು ಬಿಟ್ಟು ಪಕ್ಕದವರ ಬ್ಯಾಗಿನಲ್ಲಿ ಏನಿದೆ ಎಂಬುದನ್ನು ನೋಡಿಕೊಂಡು ನೋವನ್ನು ಸಹಿಸುತ್ತಿರುವ ಗೆಳೆಯರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಂಗಾಲದ ಎಳೆ ಮತ್ತು ರಾಳದಿಂದ ಮಾಡಿದ ಶಾಫ್ಟು ಹೊಡೆತದ ಅದುರನ್ನು ಉಕ್ಕಿಗಿಂತ ಬೇಗ ತನ್ನೊಳಗೇ ಅಡಗಿಸುತ್ತದೆ. ಅದರ ತೂಕವೂ ಕಡಿಮೆ. ಭಾರವಾದ ಉಕ್ಕಿನ ಐರನ್ ಶಾಫ್ಟು ಸುಮಾರು 130 ಗ್ರಾಂ ತೂಗುತ್ತದೆ, ಹಗುರ ಬಗೆಯವು 90 ಗ್ರಾಂ ಸುತ್ತಮುತ್ತ ಇರುತ್ತವೆ. ಗ್ರಾಫೈಟ್‌ನಲ್ಲಿ 50ರಿಂದ 80 ಗ್ರಾಂವರೆಗಿನವು ಹಿರಿಯರಿಗೆ ಸಾಮಾನ್ಯವಾಗಿ ಒಪ್ಪುತ್ತವೆ. ನಾನು ಆರಿಸಿಕೊಂಡದ್ದು 70 ಗ್ರಾಂ ವರ್ಗದ ರೆಗ್ಯುಲರ್ ಫ್ಲೆಕ್ಸ್ (ಸಾಧಾರಣವಾಗಿ ಬಾಗುವಂಥದು). ಇನ್ನೂ ಸುಲಭವಾಗಿ ಬಾಗುವ ಸೀನಿಯರ್ ಫ್ಲೆಕ್ಸನ್ನೂ ಹೊಡೆದು ನೋಡಿದೆ. ಚೆಂಡು ಮೇಲಕ್ಕೇನೋ ಸಲೀಸಾಗಿ ಏರಿತು, ಆದರೆ ಎದುರುಗಾಳಿಯಲ್ಲಿ ಎಲ್ಲಿ ಬೀಳುತ್ತದೆಂದು ಹೇಳುವುದು ಕಷ್ಟವಾಯಿತು.

ಜೋಡಣೆಯ ವಿವರಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಈ ಬದಲಾವಣೆ ಕೆಡುವುದಾದರೆ ಇಲ್ಲಿಯೇ ಕೆಡುತ್ತದೆ. ಮೊದಲನೆಯದಾಗಿ, ಐರನ್ ತಲೆಯ ಕೊರಳಿನ ತೂತು ಎರಡು ಅಳತೆಗಳಲ್ಲಿ ಬರುತ್ತದೆ: 0.355 ಅಂಗುಲದ್ದು ತುದಿಗೆ ಹೋಗುತ್ತಾ ಸಣ್ಣದಾಗುವ ಶಾಫ್ಟಿಗೆ, 0.370 ಅಂಗುಲದ್ದು ಒಂದೇ ದಪ್ಪದ ತುದಿಯ ಶಾಫ್ಟಿಗೆ. ನಿಮ್ಮ ತಲೆಗಳು ಯಾವ ಅಳತೆಯವೆಂದು ತಿಳಿಯದೆ ಶಾಫ್ಟು ತರಿಸಬಾರದು. ಎರಡನೆಯದು ತೂಕದ ಹಂಚಿಕೆ. ಶಾಫ್ಟು ಸುಮಾರು 9 ಗ್ರಾಂ ಹಗುರಾದರೆ ಸ್ವಿಂಗ್‌ವೇಟ್ (ಬೀಸುವಾಗ ತಲೆಯ ಕಡೆ ಎಷ್ಟು ಭಾರವೆನಿಸುತ್ತದೆಂಬ ಅಳತೆ) ಒಂದು ಅಂಶ ಇಳಿಯುತ್ತದೆ. ಗ್ರಿಪ್ಪು ನಾಲ್ಕೈದು ಗ್ರಾಂ ಭಾರವಾದರೂ ಒಂದು ಅಂಶ ಇಳಿಯುತ್ತದೆ. ಹೀಗೆ ಹಗುರ ಶಾಫ್ಟು, ದಪ್ಪ ಗ್ರಿಪ್ಪು ಎರಡನ್ನೂ ಒಟ್ಟಿಗೆ ಹಾಕಿಸಿದರೆ ಕ್ಲಬ್ಬಿನ ತಲೆ ಎಲ್ಲಿದೆಯೆಂಬ ಅರಿವೇ ಕೈಗೆ ತಪ್ಪಿಹೋಗುತ್ತದೆ, ಆಟಗಾರ ಅವಸರದಲ್ಲಿ ಬೀಸತೊಡಗುತ್ತಾನೆ, ಅದರಿಂದ ನೆಲ ಬಡಿಯುವುದು ಇನ್ನಷ್ಟು ಹೆಚ್ಚುತ್ತದೆ. ತಲೆಯ ಕಡೆ 2 ಗ್ರಾಂ ಸೇರಿಸಿದರೆ ಒಂದು ಅಂಶ, ಉದ್ದ ಅರ್ಧ ಅಂಗುಲ ಹೆಚ್ಚಿಸಿದರೆ ಮೂರು ಅಂಶ ಮರಳಿ ಸಿಗುತ್ತದೆ. ನನ್ನ ಸೆಟ್ಟಿನಲ್ಲಿ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಲಾಯಿತು: ಉದ್ದ ಕಾಲು ಅಂಗುಲ ಏರಿತು, ಶಾಫ್ಟಿನ ತುದಿಯೊಳಗೆ ಚಿಕ್ಕ ಹಿತ್ತಾಳೆಯ ತೂಕ ಕೂತಿತು. ಈ ಲೆಕ್ಕವನ್ನು ಮಾತನಾಡದೆ ‘ಹಾಕಿ ಕೊಡುತ್ತೇನೆ ಸಾರ್’ ಎಂದಷ್ಟೇ ಹೇಳುವ ಅಂಗಡಿಯಲ್ಲಿ ಕೆಲಸ ಕೊಡಬೇಡಿ.

ಆರಂಭದ ಕೆಲವು ವಾರಗಳಲ್ಲಿ ಸಣ್ಣ ಐರನ್‌ಗಳ ಹೊಡೆತಗಳು ಎಡಕ್ಕೆ ಎಳೆಯುತ್ತಿದ್ದವು, ದೂರದ ಅಂದಾಜು ಕೈಗೆ ಹತ್ತುತ್ತಿರಲಿಲ್ಲ. ಬೀಸುವ ಲಯ ನಿಧಾನಕ್ಕೆ ಬಂದ ಮೇಲೆ ಅದು ಸರಿಹೋಯಿತು. ದೂರ ಅರ್ಧ ಕ್ಲಬ್ಬಿನಷ್ಟು, ಅಂದರೆ ಅಕ್ಕಪಕ್ಕದ ಎರಡು ಐರನ್‌ಗಳ ದೂರದ ವ್ಯತ್ಯಾಸದ ಅರ್ಧದಷ್ಟು, ಹೆಚ್ಚಿರಬಹುದು. ಅದಕ್ಕಾಗಿ ಯಾರೂ ಹಣ ಹಾಕಬೇಕಾಗಿಲ್ಲ. ಚೆಂಡು ಎತ್ತರಕ್ಕೆ ಏರಿ ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಮೆದುವಾಗಿ ಇಳಿಯುವುದು ಇದಕ್ಕಿಂತ ದೊಡ್ಡ ಲಾಭ. ಕಳೆದುಕೊಂಡದ್ದೂ ಒಂದಿದೆ: ಉಕ್ಕಿನಲ್ಲಿ ಚೆಂಡು ಮುಖದ ಯಾವ ಭಾಗಕ್ಕೆ ತಗಲಿತೆಂಬುದು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು, ಗ್ರಾಫೈಟ್‌ನಲ್ಲಿ ಆ ಸುದ್ದಿ ಮಂಕಾಗಿ ಬರುತ್ತದೆ. ಹ್ಯಾಂಡಿಕ್ಯಾಪ್ ಕಡಿಮೆಯಿರುವ, ಅಂದರೆ ಹೆಚ್ಚು ನುರಿತ ಆಟಗಾರರಿಗೆ ಈ ಕೊರತೆ ನನಗಿಂತ ಹೆಚ್ಚು ಕಾಡಬಹುದು.

ಮೊಣಕೈಯ ನೋವು ಏನಾಯಿತು? ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ರೌಂಡ್ ಮುಗಿದ ಸಂಜೆ ಕಾಫಿ ಲೋಟ ಎತ್ತಲು ಕಷ್ಟಪಡುವ ಸ್ಥಿತಿ ಹೋಗಿತ್ತು. ಈಗ ಬಿರುಬೇಸಿಗೆಯಲ್ಲಿ ಮಾತ್ರ ಅಪರೂಪಕ್ಕೊಮ್ಮೆ ಚುಚ್ಚಿದಂತಾಗುತ್ತದೆ. ಆದರೆ ಇದರ ಪೂರ್ಣ ಶ್ರೇಯಸ್ಸು ಶಾಫ್ಟಿನದ್ದೆಂದು ಹೇಳಲಾರೆ. ಅದೇ ಅವಧಿಯಲ್ಲಿ ಫಿಸಿಯೋಥೆರಪಿಸ್ಟ್ ಒಬ್ಬರ ಮಾರ್ಗದರ್ಶನದಲ್ಲಿ ಅಂಗೈ ಮೇಲ್ಮುಖವಾಗಿ ಮುಂಗೈಯನ್ನು ಮೇಜಿನ ಮೇಲೆ ಇರಿಸಿ, ಹಗುರ ಡಂಬೆಲ್ಲನ್ನು ಇನ್ನೊಂದು ಕೈಯ ಸಹಾಯದಿಂದ ಎತ್ತಿ, ನೋಯುವ ಕೈಯಿಂದಲೇ ಬಹಳ ನಿಧಾನವಾಗಿ ಇಳಿಸುವ ವ್ಯಾಯಾಮವನ್ನು ಬಿಡದೆ ಮಾಡಿದೆ. ಇಳಿಸುವಾಗ ಸ್ನಾಯು ಉದ್ದವಾಗುತ್ತಲೇ ಭಾರ ಹೊರುವುದರಿಂದ ಸ್ನಾಯುರಜ್ಜು ಕ್ರಮೇಣ ಗಟ್ಟಿಯಾಗುತ್ತದೆ. ವ್ಯಾಯಾಮವು ಕೈಯನ್ನು ಬಲಪಡಿಸಿತು, ಶಾಫ್ಟು ದಿನದಿನದ ಹೊಸ ಏಟನ್ನು ತಗ್ಗಿಸಿತು ಎಂಬುದು ನನ್ನ ತಿಳಿವಳಿಕೆ. ಒಂದನ್ನು ಮಾತ್ರ ಮಾಡಲು ಸಾಧ್ಯವಿರುವವರು ಹಣ ಖರ್ಚಿಲ್ಲದ ವ್ಯಾಯಾಮವನ್ನೇ ಮಾಡಲಿ.

ಮೊಣಕೈ ಕೆಳಗೆ ಎರಡು ಬೆರಳಿನ ಅಂತರದಲ್ಲಿ ಕಟ್ಟುವ ಪಟ್ಟಿಯನ್ನು ಕೆಲಕಾಲ ಬಳಸಿದೆ. ಆಡುವಾಗ ಹಿತವೆನಿಸಿತು, ಅದರಾಚೆಗೆ ಹೇಳುವಂಥದ್ದೇನಿಲ್ಲ. ಡೈಕ್ಲೋಫೆನಾಕ್ ಜೆಲ್ ಆಯಾ ದಿನಕ್ಕೆ ಉಪಯೋಗಕ್ಕೆ ಬರುತ್ತದೆ. ರೌಂಡಿಗೆ ಮೊದಲೇ ನೋವಿನ ಮಾತ್ರೆ ನುಂಗಿ ಬರುವ ಅಭ್ಯಾಸ ನಮ್ಮ ಹಿರಿಯರಲ್ಲಿ ಹೆಚ್ಚುತ್ತಿರುವುದು ಕಳವಳದ ಸಂಗತಿ: ಈ ಮಾತ್ರೆಗಳು ವಯಸ್ಸಾದವರಲ್ಲಿ ಹೊಟ್ಟೆ, ಮೂತ್ರಪಿಂಡ, ರಕ್ತದೊತ್ತಡಗಳ ಮೇಲೆ ದುಷ್ಪರಿಣಾಮ ಬೀರಬಲ್ಲವು. ಸಾಲದ್ದಕ್ಕೆ, ಬಿಸಿಲಲ್ಲಿ ಬೆವರಿ ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಆಗುವ ಅಪಾಯ ಇನ್ನೂ ಹೆಚ್ಚು. ವೈದ್ಯರು ಹೇಳದೆ ಅದನ್ನು ತೆಗೆದುಕೊಳ್ಳಬಾರದು.

ಗ್ರಿಪ್ಪಿನ ಬಗ್ಗೆ ನನಗೆ ಮೆಚ್ಚುಗೆ ಹೆಚ್ಚು. ಮಿಡ್‌ಸೈಜ್ ಎಂದರೆ ಸಾಮಾನ್ಯ ಗ್ರಿಪ್ಪಿಗಿಂತ ಅಂಗುಲದ ಹದಿನಾರನೇ ಒಂದು ಭಾಗ, ಅಂದರೆ ಸುಮಾರು ಒಂದೂವರೆ ಮಿಲಿಮೀಟರ್ ಮಾತ್ರ ದಪ್ಪ. ಎಡ ಹೆಬ್ಬೆರಳಿನ ಬುಡದ ಕೀಲು ಸವೆದಿರುವ ನನಗೆ ಆ ಒಂದೂವರೆ ಮಿಲಿಮೀಟರ್ ಬಹಳ ದೊಡ್ಡದು. ಬೆರಳುಗಳು ಅಂಗೈಯೊಳಕ್ಕೆ ಪೂರ್ತಿ ಮಡಚಬೇಕಾಗಿಲ್ಲ, ಹಿಡಿತವನ್ನು ಬಿಗಿಗೊಳಿಸದೆಯೇ ಕ್ಲಬ್ಬು ಕೈಯಲ್ಲಿ ಭದ್ರವಾಗಿ ಕೂರುತ್ತದೆ, ಹಿಡಿತ ಸಡಿಲವಾದ್ದರಿಂದ ಮುಂಗೈಯ ಸ್ನಾಯುಗಳಿಗೂ ವಿರಾಮ ಸಿಗುತ್ತದೆ. ಇನ್ನೂ ದಪ್ಪನೆಯ ಜಂಬೋ ಅಳತೆಯನ್ನು ಒಂದು ಐರನ್‌ಗೆ ಹಾಕಿಸಿ ನೋಡಿದೆ. ಮಣಿಕಟ್ಟು ತಿರುಗುವುದು ತಡವಾಗಿ ಚೆಂಡು ಬಲಕ್ಕೆ ಉಳಿದುಹೋಗುತ್ತಿತ್ತು. ಕೈಬೆರಳು ಬಹಳ ಊದಿಕೊಳ್ಳುವವರಿಗೆ ಮಾತ್ರ ಅದು ತಕ್ಕದ್ದು. ಮೆತ್ತನೆಯ ರಬ್ಬರ್ ಬೇಗ ಸವೆಯುತ್ತದೆ, ಬೆವರಿಗೆ ನುಣುಪಾಗುತ್ತದೆ. ನುಣುಪಾದ ಗ್ರಿಪ್ಪನ್ನು ಕೈ ತಾನಾಗಿಯೇ ಬಿಗಿಹಿಡಿಯುವುದರಿಂದ ಇಡೀ ಪ್ರಯೋಜನ ವ್ಯರ್ಥವಾಗುತ್ತದೆ. ಸಾಬೂನು ನೀರಿನಲ್ಲಿ ಆಗಾಗ ಒರೆಸಿ, ವರ್ಷಕ್ಕೊಮ್ಮೆ ಬದಲಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕಾರಿನ ಡಿಕ್ಕಿಯ ಬಿಸಿಯಲ್ಲಿ ಬ್ಯಾಗನ್ನು ಬಿಡುವುದು ಗ್ರಿಪ್ಪಿಗೂ ಕೆಟ್ಟದ್ದು, ತಲೆಯನ್ನು ಹಿಡಿದಿರುವ ಅಂಟಿಗೂ ಒಳ್ಳೆಯದಲ್ಲ.

ಈ ಎರಡೂ ಬದಲಾವಣೆಗಳು ಸೊಂಟಕ್ಕೆ ಏನನ್ನೂ ಮಾಡಲಿಲ್ಲ. ಇದನ್ನು ಒತ್ತಿ ಹೇಳುವ ಕಾರಣವೆಂದರೆ, ಸೊಂಟನೋವಿಗೂ ಹಗುರ ಶಾಫ್ಟೇ ಮದ್ದೆಂದು ಅಂಗಡಿಗಳಲ್ಲಿ ಮಾರುತ್ತಾರೆ. ಸೊಂಟದ ಕೆಳಭಾಗದ ಕಶೇರುಗಳು ಸ್ವಭಾವತಃ ಹೆಚ್ಚು ತಿರುಗುವಂಥವಲ್ಲ. ತಿರುಗಬೇಕಾದವು ತೊಡೆಸಂದು (ಹಿಪ್ ಕೀಲು) ಮತ್ತು ಬೆನ್ನಿನ ಮೇಲ್ಭಾಗ. ವಯಸ್ಸಾದಂತೆ ತೊಡೆಸಂದು ಬಿಗಿದರೆ ಆ ತಿರುಚುವಿಕೆಯೆಲ್ಲ ಸೊಂಟಕ್ಕೆ ಬೀಳುತ್ತದೆ. ಅಮೆರಿಕದ ವೃತ್ತಿಪರ ಆಟಗಾರ ಟಾಮ್ ವಾಟ್ಸನ್ 2008ರ ಅಕ್ಟೋಬರ್‌ನಲ್ಲಿ ತೊಡೆಸಂದು ಬದಲಿಸಿಕೊಂಡು, ಮರುವರ್ಷ ಜುಲೈನಲ್ಲಿ ತಮ್ಮ 59ನೆಯ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ನಡೆದ ಓಪನ್ ಪಂದ್ಯಾವಳಿಯಲ್ಲಿ ಪ್ಲೇ-ಆಫ್‌ವರೆಗೆ (ಸಮಬಲವಾದಾಗ ಆಡುವ ನಿರ್ಣಾಯಕ ಆಟದವರೆಗೆ) ಬಂದದ್ದನ್ನು ನೆನೆದರೆ ಆ ಒಂದು ಕೀಲಿನ ಮಹತ್ವ ಅರ್ಥವಾಗುತ್ತದೆ. ನನಗೆ ಫಲ ಕೊಟ್ಟವು ಇವು: ಎಡ ಪಾದದ ತುದಿಯನ್ನು ಗುರಿಯ ಕಡೆಗೆ ಸ್ವಲ್ಪ ಹೊರಕ್ಕೆ ತಿರುಗಿಸಿ ನಿಲ್ಲುವುದು, ಹಿಂದಕ್ಕೆ ಬೀಸುವಾಗ ಅಮೆರಿಕದ ಖ್ಯಾತ ಆಟಗಾರ ಜ್ಯಾಕ್ ನಿಕ್ಲಾಸ್ ಮಾಡುತ್ತಿದ್ದಂತೆ ಎಡ ಹಿಮ್ಮಡಿಯನ್ನು ಮೇಲೇಳಲು ಬಿಡುವುದು, ಬೀಸನ್ನು ಮುಕ್ಕಾಲಿಗೆ ನಿಲ್ಲಿಸುವುದು, ಮತ್ತು ಆಟದ ಮೊದಲ ಹೊಡೆತಕ್ಕೆ ಮುನ್ನ ಹತ್ತು ನಿಮಿಷ ಚುರುಕಾಗಿ ನಡೆದು ತೊಡೆಸಂದನ್ನು ಸಡಿಲಿಸುವುದು. ಡಿಸೆಂಬರ್‌ನ ಬೆಳಗಿನ ಚಳಿಯಲ್ಲಿ ಕಾರಿನಿಂದ ಇಳಿದವರೇ ನೇರವಾಗಿ ಡ್ರೈವರ್ ಎತ್ತಿಕೊಳ್ಳುವುದನ್ನು ದಯವಿಟ್ಟು ಬಿಡಿ. ಬಗ್ಗುವುದನ್ನು ತಗ್ಗಿಸಲು ಪಟ್ಟರ್ (ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಕ್ಲಬ್ಬು) ಹಿಡಿಕೆಯ ತುದಿಗೆ ಚೆಂಡನ್ನು ಎತ್ತುವ ರಬ್ಬರ್ ಬಟ್ಟಲನ್ನು ಹಾಕಿಕೊಳ್ಳಬಹುದು, ನಿಯಮದ ಅಡ್ಡಿಯಿಲ್ಲ. 2019ರ ನಿಯಮಗಳ ನಂತರ ಧ್ವಜದ ಕೋಲನ್ನು ಕುಳಿಯಲ್ಲೇ ಬಿಟ್ಟು ಪಟ್ ಮಾಡಬಹುದಾದ್ದರಿಂದ ಅದನ್ನು ನೆಲಕ್ಕಿಟ್ಟು ಮತ್ತೆ ಎತ್ತುವ ಶ್ರಮವೂ ಇಲ್ಲ.

ಶಾಫ್ಟುಗಳ ಬಾಳಿಕೆ ಇದುವರೆಗೆ ತೃಪ್ತಿಕರ. ಬ್ಯಾಗಿನ ಬಾಯಿಗೆ ಉಜ್ಜುವ ಜಾಗದಲ್ಲಿ ಬಣ್ಣ ಸವೆದು ಗೆರೆ ಬಿದ್ದಿದೆ. ಉಕ್ಕಿನಲ್ಲಿ ಇಂಥ ಗೆರೆ ಬರೀ ಅಂದದ ಪ್ರಶ್ನೆ. ಗ್ರಾಫೈಟ್‌ನಲ್ಲಿ ಗೆರೆ ಆಳವಾಗಿ ಎಳೆಗಳಿಗೆ ತಾಗಿದರೆ ಶಾಫ್ಟು ಅಲ್ಲಿಯೇ ಮುರಿಯಬಹುದು, ಹಾಗಾಗಿ ಪ್ರತಿ ಕ್ಲಬ್ಬಿಗೂ ಬೇರೆ ಬೇರೆ ಕೊಳವೆಯಿರುವ ಬ್ಯಾಗನ್ನು ಬಳಸುತ್ತಿದ್ದೇನೆ, ತಿಂಗಳಿಗೊಮ್ಮೆ ಉಗುರಿನಿಂದ ಸವರಿ ನೋಡುತ್ತೇನೆ. ಕ್ಯಾಡಿಗೂ ಇದನ್ನು ಒಮ್ಮೆ ತಿಳಿಸಿದರೆ ಅವರೇ ಜೋಪಾನವಾಗಿ ನೋಡಿಕೊಳ್ಳುತ್ತಾರೆ. ಮುಂದೆ ಎಂದಾದರೂ ತಲೆಯನ್ನು ಬಿಡಿಸಬೇಕಾದರೆ ನೇರವಾಗಿ ಎಳೆಯುವ ಉಪಕರಣ ಇರುವವರಿಂದಲೇ ಬಿಡಿಸಬೇಕು. ಕಾಯಿಸಿ ತಿರುಚಿದರೆ ಎಳೆಗಳು ಒಡೆಯುತ್ತವೆ.

ಖರ್ಚು ಕಡಿಮೆಯಲ್ಲ. ಹಳೆಯ ಸೆಟ್ಟನ್ನು ಮಾರಿದ್ದರೆ ಸಿಗುತ್ತಿದ್ದ ಹಣಕ್ಕಿಂತ ಹೆಚ್ಚನ್ನೇ ಇದಕ್ಕೆ ಕೊಟ್ಟೆ. ಆದ್ದರಿಂದ ಮೊದಲು ನೋಯುವ ಕೈಗೆ ಹೆಚ್ಚು ಸಿಗುವ ಒಂದೆರಡು ಐರನ್‌ಗಳಿಗೆ ಮಿಡ್‌ಸೈಜ್ ಗ್ರಿಪ್ ಹಾಕಿಸಿ ಕೆಲವು ವಾರ ಆಡಿ, ಆಮೇಲೆ 7 ಐರನ್ ಒಂದಕ್ಕೇ ಗ್ರಾಫೈಟ್ ಹಾಕಿಸಿ ನೋಡಿ, ಕೈಗೆ ಹಿತವೆನಿಸಿದರೆ ಉಳಿದವಕ್ಕೆ ಮುಂದುವರಿಯಿರಿ. ನಾನು ಮರಳಿನ ಹೊಂಡದಿಂದ ಹೊಡೆಯುವ ಸ್ಯಾಂಡ್ ವೆಡ್ಜನ್ನು ಮಾತ್ರ ಉಕ್ಕಿನಲ್ಲೇ ಉಳಿಸಿಕೊಂಡಿದ್ದೇನೆ. ಮರಳಿನಲ್ಲಿ ತಲೆಯ ಭಾರ ಕೈಗೆ ತಿಳಿಯುವುದು ಬೇಕು, ಮರಳು ಮೆತ್ತಗಿರುವುದರಿಂದ ಏಟೂ ಕಡಿಮೆ. ಗ್ರೀನ್ ಸುತ್ತಲಿನ ಗಟ್ಟಿ ನೆಲದಿಂದ ಚಿಪ್ ಮಾಡಲು (ಗಿಡ್ಡ ಹೊಡೆತ ಹೊಡೆಯಲು) ಅದನ್ನು ಬಳಸದೆ, ಗ್ರಾಫೈಟ್ ಇರುವ 9 ಐರನ್‌ನಿಂದ ಚೆಂಡನ್ನು ಉರುಳಿಸಿ ಕಳಿಸುತ್ತೇನೆ.